₹ ಬರಬೇಕಾದ ಕಡೆ ಡಬ್ಬಿ, ಕಸ, ಪ್ರಶ್ನೆ ಗುರುತು: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ?

ಮುಂಬೈಯ ಮಾಟುಂಗಾದಲ್ಲಿ ನಮ್ಮ ಊರಿನವರದ್ದೊಂದು ಹೋಟೆಲಿದೆ. ಹೋದ ಗಣೇಶ ಹಬ್ಬಕ್ಕೆ ಮುಂಚೆ ಅವರು ಹೊಸ ಮೆನು ಕಾರ್ಡ್ ಮಾಡಿಸಿದರು. ಹೋಟೆಲಿನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಪ್ರೆಸ್ಸಿನಿಂದ ಬಂದ ಕಾರ್ಡಿನಲ್ಲಿ ಮಾತ್ರ ಇಡ್ಲಿಯಿಂದ ಹಿಡಿದು ಫಿಲ್ಟರ್ ಕಾಫಿಯವರೆಗೆ ಪ್ರತಿ ಬೆಲೆಯ ಮುಂದೆ ಒಂದು ಖಾಲಿ ಡಬ್ಬಿ. ಅದೇ ವಾರ ಕೌಂಟರಿನ ಬಿಲ್ಲಿನಲ್ಲಿ ಪ್ರಶ್ನೆ ಗುರುತು ಬಂತು. ಲೆಕ್ಕ ನೋಡುವ ಹುಡುಗ ಎಕ್ಸೆಲ್‌ನಲ್ಲಿ ತೆರೆದ ಪಟ್ಟಿಯಲ್ಲಿ ಏನೇನೋ ಕಸ. ಶೆಟ್ರು ಫೋನ್ ಮಾಡಿ, "ಮಾರಾಯ, ಒಂದು ರೂಪಾಯಿ ಗುರುತಿಗೆ ಮೂರು ಥರ ರೋಗ ಬಂದಿದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸ್ಬೇಕಾ?" ಅಂತ ಕೇಳಿದರು.

ಬೇಡ ಅಂದೆ. ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಬೇರೆ ಬೇರೆ ಮದ್ದು. ₹ ಬರಬೇಕಾದ ಜಾಗದಲ್ಲಿ *ಏನು ಕಾಣುತ್ತಿದೆ* ಅನ್ನುವುದನ್ನು ಸರಿಯಾಗಿ ನೋಡಿದರೆ ಸಾಕು, ತಪ್ಪು ಎಲ್ಲಿ ಆಗಿದೆ ಅಂತ ಅರ್ಧ ಗೊತ್ತಾಗುತ್ತದೆ. ಜನ ಅದನ್ನು ನೋಡುವುದೇ ಇಲ್ಲ. ಅಳಿಸಿ ಮತ್ತೆ ಟೈಪ್ ಮಾಡುತ್ತಾರೆ, ಮತ್ತೆ ಅದೇ ಬರುತ್ತದೆ.

ಈ ಗುರುತಿನ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಅದನ್ನು ರೂಪಿಸಿದ ಡಿ. ಉದಯ ಕುಮಾರ್ ಓದಿದ್ದು ಇಲ್ಲೇ, ಪವಾಯಿಯ ಐಐಟಿ ಬಾಂಬೆಯಲ್ಲಿ. 2010ರ ಜುಲೈ 15ರಂದು ಕೇಂದ್ರ ಸಂಪುಟ ಅದನ್ನು ಒಪ್ಪಿಕೊಂಡಿತು. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಪಟ್ಟಿಗೆ ಯೂನಿಕೋಡ್ ಅಂತ ಹೆಸರು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ 6.0ರಲ್ಲಿ ಅದಕ್ಕೆ ಒಂದು ಖಾಯಂ ನಂಬರೂ ಸಿಕ್ಕಿತು: 20ಬಿ9. ಹದಿನಾರರ ಲೆಕ್ಕದಲ್ಲಿ ಬರೆದ ನಂಬರ್ ಇದು. ನಮ್ಮ ಮಾಮೂಲಿ ಹತ್ತರ ಲೆಕ್ಕದಲ್ಲಿ 8377. ಈ ಎರಡು ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ₹ ನಿಮ್ಮ ಬೆರಳಿನಿಂದ ಕಾಗದಕ್ಕೆ ಹೋಗುವ ದಾರಿಯಲ್ಲಿ ಮೂರು ನಿಲ್ದಾಣಗಳಿವೆ. ಕೀಲಿ ಒತ್ತಿದಾಗ ಸರಿಯಾದ ನಂಬರ್ ಹುಟ್ಟಬೇಕು. ಆ ನಂಬರ್ ಫೈಲಿನಲ್ಲಿ ಹಾಳಾಗದೆ ಉಳಿಯಬೇಕು. ಕೊನೆಗೆ ಆ ನಂಬರಿಗೆ ಚಿತ್ರ ಬಿಡಿಸುವ ಫಾಂಟ್ ಇರಬೇಕು. ಡಬ್ಬಿ ಬಂದರೆ ತಪ್ಪು ಸಾಮಾನ್ಯವಾಗಿ ಮೂರನೆಯದರಲ್ಲಿ. ಕಸ ಮತ್ತು ಪ್ರಶ್ನೆ ಗುರುತು ಬಂದರೆ ಎರಡನೆಯದರಲ್ಲಿ.

ಮೊದಲು ಮಾಡಬೇಕಾದ ಪರೀಕ್ಷೆ

ಕೆಟ್ಟ ಗುರುತನ್ನು ಕಾಪಿ ಮಾಡಿ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹಾಕಿ. ಕರ್ಸರ್ ಅದರ ಬಲಕ್ಕೆ ಅಂಟಿಕೊಂಡು ನಿಂತಿರಲಿ. ಈಗ ಆಲ್ಟ್ ಹಿಡಿದು ಎಕ್ಸ್ ಒತ್ತಿ. ಗುರುತು ಮಾಯವಾಗಿ ಅದರ ನಂಬರ್ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಗುರುತು ವಾಪಸ್.

20ಬಿ9 ಬಂತಾ? ಹಾಗಾದರೆ ನಿಮ್ಮ ಫೈಲಿಗೆ ಏನೂ ಆಗಿಲ್ಲ, ತೋರಿಸುವ ಫಾಂಟ್ ಸರಿಯಿಲ್ಲ ಅಷ್ಟೇ. 003ಎಫ್ ಬಂದರೆ ಅದು ನಿಜವಾದ ಪ್ರಶ್ನೆ ಗುರುತೇ. ₹ ಅಲ್ಲಿಂದ ಹೋಗಿಬಿಟ್ಟಿದೆ, ಯಾವ ಫಾಂಟ್ ಹಾಕಿದರೂ ವಾಪಸ್ ಬರುವುದಿಲ್ಲ. 0060 ಬಂದರೆ ಅದು ಟ್ಯಾಬ್‌ಗಿಂತ ಮೇಲಿನ ಕೀಲಿಯಲ್ಲಿರುವ ಓರೆ ಚುಕ್ಕಿ. ಅದರ ಕಥೆ ಕೊನೆಗೆ ಹೇಳುತ್ತೇನೆ. 25ಎ1 ಬಂದರೆ ಯಾರೋ ಡಬ್ಬಿಯ ಚಿತ್ರವನ್ನೇ ಗುರುತು ಅಂದುಕೊಂಡು ಹಾಕಿದ್ದಾರೆ. ಡೊಂಬಿವಲಿಯ ಒಂದು ಡಿಟಿಪಿ ಅಂಗಡಿಯಲ್ಲಿ ನಾನೇ ಇದನ್ನು ಕಂಡಿದ್ದೇನೆ. ಪಾಪ, ಆ ಹುಡುಗನ ಪರದೆಯಲ್ಲಿ ₹ ಯಾವತ್ತೂ ಡಬ್ಬಿಯಾಗಿಯೇ ಕಾಣುತ್ತಿತ್ತು. ಅದೇ ಅದರ ರೂಪ ಅಂತ ಅವನು ನಂಬಿದ್ದ.

20ಎ8 ಬಂದರೆ ಅದು ಹಳೆಯ ರೂಪಾಯಿ ಗುರುತು, ಇಂಗ್ಲಿಷಿನ ಆರ್ ಮತ್ತು ಎಸ್ ಒಂದಕ್ಕೊಂದು ಅಂಟಿಕೊಂಡದ್ದು. ವಿಂಡೋಸ್‌ನ ಕ್ಯಾರೆಕ್ಟರ್ ಮ್ಯಾಪ್‌ನಲ್ಲಿ ರೂಪಾಯಿ ಅಂತ ಇಂಗ್ಲಿಷಿನಲ್ಲಿ ಹುಡುಕಿದಾಗ ಆಗುವ ಎಡವಟ್ಟು ಇದು. ಯೂನಿಕೋಡ್‌ನಲ್ಲಿ ಆ ಹೆಸರು ಹೊತ್ತ ಗುರುತುಗಳು ಹಲವು. ಬಂಗಾಳಿಗೆ ಬೇರೆ, ಗುಜರಾತಿಗೆ ಬೇರೆ, ತಮಿಳಿಗೆ ಬೇರೆ. ನಮಗೆ ಬೇಕಾದದ್ದರ ಪೂರ್ತಿ ಹೆಸರಿನಲ್ಲಿ 'ಇಂಡಿಯನ್' ಅನ್ನುವ ಪದ ಇರುತ್ತದೆ. ಅದನ್ನು ನೋಡಿಯೇ ಆರಿಸಿ.

ಕೀಲಿ ಒತ್ತಿದರೆ ಬರುವುದೇ ಇಲ್ಲ

ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ. "ಕೀಬೋರ್ಡಿನ 4ರ ಮೇಲೆ ₹ ಅಚ್ಚಾಗಿದೆ, ಒತ್ತಿದರೆ ಡಾಲರ್ ಬರುತ್ತದೆ" ಅನ್ನುತ್ತಾರೆ. ಕೀಲಿಯ ಮೇಲೆ ಏನು ಅಚ್ಚಾಗಿದೆ ಅನ್ನುವುದು ಕಂಪ್ಯೂಟರಿಗೆ ಗೊತ್ತಿಲ್ಲ. ಅದು ನೋಡುವುದು ಸೆಟ್ಟಿಂಗ್‌ನಲ್ಲಿ ಯಾವ ಕೀಬೋರ್ಡ್ ಆರಿಸಿದ್ದೀರಿ ಅಂತ. ಅಂಗಡಿಯವರು ವಿಂಡೋಸ್ ಹಾಕುವಾಗ ಸಾಮಾನ್ಯವಾಗಿ ಅಮೆರಿಕದ ಇಂಗ್ಲಿಷ್ ಕೀಬೋರ್ಡ್ ಬಿಟ್ಟು ಹೋಗಿರುತ್ತಾರೆ. ಅದರಲ್ಲಿ ₹ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಪುಟಕ್ಕೆ ಹೋಗಿ 'ಇಂಗ್ಲಿಷ್, ಇಂಡಿಯಾ' ಸೇರಿಸಿ. ಆಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಅದಕ್ಕೆ ಬದಲಾಯಿಸಿ. ಈಗ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ, ₹ ಬರುತ್ತದೆ. ಎಡಗಡೆಯ ಆಲ್ಟ್ ಸಾಲದು, ಅದರ ಜೊತೆ ಕಂಟ್ರೋಲ್ ಕೂಡ ಬೇಕು. ಗೂಗಲ್ ಡಾಕ್ಸ್‌ನಲ್ಲಿ ಮಾತ್ರ ಕಂಟ್ರೋಲ್, ಆಲ್ಟ್, 4 ಅನ್ನುವುದು ಶೀರ್ಷಿಕೆಯ ಶಾರ್ಟ್‌ಕಟ್. ಬರೆದ ಸಾಲು ಇದ್ದಕ್ಕಿದ್ದಂತೆ ಗಾತ್ರ ಬದಲಿಸಿದರೆ ಗಾಬರಿಯಾಗಬೇಡಿ, ಕಂಟ್ರೋಲ್ ಝಡ್ ಒತ್ತಿ.

ಕೀಬೋರ್ಡ್ ಬದಲಾಯಿಸಲು ಆಫೀಸಿನವರು ಬಿಡುವುದಿಲ್ಲವೇ? ವರ್ಡ್‌ನಲ್ಲಿ 20ಬಿ9 ಅಂತ ಇಂಗ್ಲಿಷಿನಲ್ಲಿ ಬರೆದು ಆಲ್ಟ್ ಎಕ್ಸ್ ಒತ್ತಿ. 20ಬಿ9 ಬರೆಯುವ ಮೊದಲು ಒಂದು ಸ್ಪೇಸ್ ಬಿಡಿ. ಇಲ್ಲದಿದ್ದರೆ ಹಿಂದಿನ ಅಂಕಿಯನ್ನೂ ಸೇರಿಸಿಕೊಂಡು ಬೇರೆ ಯಾವುದೋ ನಂಬರ್ ಅಂತ ತಿಳಿಯುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯ ಜೊತೆ ಚುಕ್ಕಿ ಒತ್ತಿದರೆ ಇಮೋಜಿ ಪಟ್ಟಿ ಬರುತ್ತದೆ, ಅದರ ಚಿಹ್ನೆಗಳ ಭಾಗದಲ್ಲಿ ₹ ಇದೆ. ಲಿನಕ್ಸ್‌ನ ಬಹಳ ಕಡೆ ಕಂಟ್ರೋಲ್, ಶಿಫ್ಟ್, ಯು ಒತ್ತಿ, 20ಬಿ9 ಬರೆದು ಎಂಟರ್ ಒತ್ತಿದರೆ ಆಯಿತು. ವೆಬ್ ಪುಟ ಬರೆಯುವವರಿಗೆ ₹ ಸಾಕು.

ಆಲ್ಟ್ ಹಿಡಿದು ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 8377 ಒತ್ತಿ ಅಂತ ಹಲವರು ಹೇಳಿಕೊಡುತ್ತಾರೆ. ವರ್ಡ್‌ನಲ್ಲಿ ಅದು ನಡೆಯುತ್ತದೆ. ಹಳೆಯ ನೋಟ್‌ಪ್ಯಾಡ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ 256 ಮನೆಗಳ ಹಳೆಯ ಪಟ್ಟಿಯ ಲೆಕ್ಕ. 8377ರಲ್ಲಿ 256ನ್ನು ಎಷ್ಟು ಸಲ ಆಗುತ್ತದೋ ಅಷ್ಟು ಸಲ ಕಳೆದರೆ ಉಳಿಯುವುದು 185. ನನ್ನ ಯಂತ್ರದಲ್ಲಿ ಆ ಮನೆಯಲ್ಲಿದ್ದದ್ದು ಜೋಡಿ ಗೆರೆಯ ಗೇಟಿನಂಥ ಚಿತ್ರ, ಅದೇ ಬಂತು.

ಖಾಲಿ ಡಬ್ಬಿ

ಶೆಟ್ರ ಮೆನು ಕಾರ್ಡಿಗೆ ಬಂದದ್ದು ಈ ರೋಗ. ನಂಬರ್ ಸರಿಯಿತ್ತು. ಆದರೆ ಪ್ರೆಸ್ಸಿನವರು ಚಂದ ಕಾಣಲಿ ಅಂತ ಒಂದು ಹಳೆಯ ಅಲಂಕಾರದ ಫಾಂಟ್ ಹಾಕಿದ್ದರು. ಆ ಫಾಂಟ್ 2010ಕ್ಕಿಂತ ಮುಂಚಿನದು. ಆಗ ಹುಟ್ಟಿರದ ಗುರುತಿಗೆ ಅದರಲ್ಲಿ ಚಿತ್ರ ಎಲ್ಲಿಂದ ಬರಬೇಕು? ವರ್ಡ್ ಅಥವಾ ಬ್ರೌಸರ್ ಆದರೆ ಸದ್ದಿಲ್ಲದೆ ಬೇರೆ ಫಾಂಟಿನಿಂದ ₹ ಎರವಲು ತರುತ್ತದೆ. ಅದಕ್ಕೇ ಹೋಟೆಲಿನ ಪರದೆಯಲ್ಲಿ ಎಲ್ಲ ಸರಿ ಕಂಡದ್ದು. ಪುಟ ವಿನ್ಯಾಸದ ಕೆಲವು ಸಾಫ್ಟ್‌ವೇರ್‌ಗಳು ಹಾಗೆ ಎರವಲು ತರುವುದಿಲ್ಲ, ನೇರವಾಗಿ ಡಬ್ಬಿ ಹಾಕಿಬಿಡುತ್ತವೆ.

ಮದ್ದು ಸುಲಭ. ₹ ಒಂದನ್ನೇ ಆರಿಸಿ ಅದಕ್ಕೆ ಮಾತ್ರ ಏರಿಯಲ್ ಅಥವಾ ನೋಟೋ ಸಾನ್ಸ್‌ನಂಥ ಹೊಸ ಫಾಂಟ್ ಕೊಡಿ. ಕಾರ್ಡಿನಲ್ಲಿ ನೂರು ಸಲ ಇದ್ದರೆ ಹುಡುಕಿ ಬದಲಿಸುವ ಸೌಲಭ್ಯದಿಂದ ಒಂದೇ ಸಲಕ್ಕೆ ಮಾಡಬಹುದು. ವಿಂಡೋಸ್ 7 ಇದ್ದರೆ ₹ಗಾಗಿಯೇ 2011ರಲ್ಲಿ ಬಂದ ಅಪ್‌ಡೇಟ್ ಹಾಕಿದ್ದಾರಾ ನೋಡಿ. ವಿಂಡೋಸ್ 8ರಿಂದ ಈಚೆಗೆ ಅದರ ಅಗತ್ಯವಿಲ್ಲ. ಪ್ರೆಸ್ಸಿಗೆ ಕೊಡುವಾಗ ವರ್ಡ್ ಫೈಲ್ ಕೊಡಲೇಬೇಡಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಕೊಡುವ ಮುಂಚೆ ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಟೋಪಿ ಇಟ್ಟ ಎ, ಅಲ್ಪವಿರಾಮ, ಪುಟ್ಟ ಒಂದು

ಎಕ್ಸೆಲ್‌ನಲ್ಲಿ ಬಂದ ಕಸವನ್ನು ಹತ್ತಿರದಿಂದ ನೋಡಿ. ಅದು ಸುಮ್ನೆ ಬಂದ ಕಸ ಅಲ್ಲ. ಪ್ರತಿ ಸಲವೂ ಅದೇ ಮೂರು ಗುರುತು: ತಲೆಯ ಮೇಲೆ ಪುಟ್ಟ ಟೋಪಿ ಇರುವ ಇಂಗ್ಲಿಷ್ ಎ, ಕೆಳಗೆ ಇಳಿದ ಅಲ್ಪವಿರಾಮದಂಥದ್ದು, ಮೇಲಕ್ಕೆ ಏರಿದ ಸಣ್ಣ ಒಂದು. ಯಾಕೆ ಮೂರೇ? ಯುಟಿಎಫ್-8 ಅನ್ನುವ ಪದ್ಧತಿ 20ಬಿ9ನ್ನು ಫೈಲಿನಲ್ಲಿ ಇಡುವಾಗ ಮೂರು ತುಂಡು ಮಾಡುತ್ತದೆ: ಇ2, 82, ಬಿ9. ಓದುವವರು ಮೂರನ್ನೂ ಸೇರಿಸಿ ಓದಬೇಕು. ಎಕ್ಸೆಲ್ ಅದನ್ನು ವಿಂಡೋಸ್-1252 ಅನ್ನುವ ಹಳೆಯ ಅಕ್ಷರಪಟ್ಟಿಯದು ಅಂದುಕೊಂಡರೆ ಒಂದೊಂದು ತುಂಡನ್ನೂ ಒಂದೊಂದು ಅಕ್ಷರ ಅಂತ ಓದುತ್ತದೆ. ಆ ಪಟ್ಟಿಯಲ್ಲಿ ಇ2 ಅಂದರೆ ಟೋಪಿಯ ಎ, 82 ಅಂದರೆ ಆ ಅಲ್ಪವಿರಾಮ, ಬಿ9 ಅಂದರೆ ಪುಟ್ಟ ಒಂದು. ಲೆಕ್ಕ ಕೂಡಿಬಂತಲ್ವಾ?

ಒಳ್ಳೆಯ ಸುದ್ದಿ ಅಂದರೆ ಏನೂ ಕಳೆದುಹೋಗಿಲ್ಲ, ಓದಿದ್ದು ಮಾತ್ರ ತಪ್ಪು. ಎಕ್ಸೆಲ್ ಮುಚ್ಚಿ. *ಸೇವ್ ಮಾಡಬೇಡಿ.* ಖಾಲಿ ಹಾಳೆ ತೆರೆದು ಡೇಟಾ ಪಟ್ಟಿಯಿಂದ ಟೆಕ್ಸ್ಟ್ ಅಥವಾ ಸಿಎಸ್‌ವಿ ತರುವ ಆಯ್ಕೆ ಒತ್ತಿ, ಫೈಲಿನ ಮೂಲ 65001, ಅಂದರೆ ಯುಟಿಎಫ್-8 ಅಂತ ಆರಿಸಿ. ₹ ವಾಪಸ್ ಬರುತ್ತದೆ. ಮುಂದಿನ ಸಲ ಫೈಲ್ ಕಳಿಸುವವರಿಗೆ ಸಿಎಸ್‌ವಿ ಯುಟಿಎಫ್-8 ಅನ್ನುವ ಬಗೆಯಲ್ಲೇ ಸೇವ್ ಮಾಡಿ ಅಂತ ಹೇಳಿ.

ತಪ್ಪಾಗಿ ಓದಿದ್ದನ್ನೇ ಯುಟಿಎಫ್-8 ಆಗಿ ಸೇವ್ ಮಾಡಿ, ಅದನ್ನು ಮತ್ತೆ ತಪ್ಪಾಗಿ ಓದಿದರೆ ಮೂರು ಅಕ್ಷರ ಏಳಾಗುತ್ತವೆ. ಹುಡುಗ ಕಳಿಸಿದ ಹಾಳೆಯಲ್ಲಿ ಕೆಲವು ಸಾಲುಗಳಲ್ಲಿ ಮೂರಿತ್ತು, ಕೆಲವುದರಲ್ಲಿ ಏಳು. ಏಳಿದ್ದ ಸಾಲುಗಳು ಎರಡು ಸಲ ಕೆಟ್ಟಿವೆ ಅಂತ ಅದರಿಂದಲೇ ತಿಳಿಯಿತು. ಮೂಲ ಫೈಲ್ ಇದ್ದದ್ದಕ್ಕೆ ಬಚಾವಾದೆವು.

ಕನ್ನಡ ಅಕ್ಷರಗಳೂ ಇರುವ ಫೈಲ್ ಆದರೆ ಪತ್ತೆ ಇನ್ನೂ ಸುಲಭ. ಕನ್ನಡವೂ ಕಸ, ₹ ಕೂಡ ಕಸ ಅಂದರೆ ಓದುವ ಪದ್ಧತಿ ತಪ್ಪಾಗಿದೆ. ಕನ್ನಡ ಸರಿ ಇದ್ದು ₹ ಮಾತ್ರ ಡಬ್ಬಿ ಅಂದರೆ ಫಾಂಟ್. ಕನ್ನಡ ಸರಿ ಇದ್ದು ₹ ಮಾತ್ರ ಪ್ರಶ್ನೆ ಗುರುತು ಅಂದರೆ ನಿಮ್ಮ ಕನ್ನಡ ಯೂನಿಕೋಡ್ ಅಲ್ಲ, ಹಳೆಯ ನುಡಿ ಥರದ ಫಾಂಟಿನಲ್ಲಿದೆ ಅಂತ ಅನುಮಾನಿಸಿ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ನಂಬರುಗಳೇ. ಅವು ಎಂಥ ಹಳೆಯ ಸಾಫ್ಟ್‌ವೇರ್ ಆದರೂ ದಾಟಿ ಬರುತ್ತವೆ. ₹ ದಾಟುವುದಿಲ್ಲ. ಮುಂಬೈಯ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳನ್ನು ಪೇಜ್‌ಮೇಕರ್‌ನಲ್ಲಿ ಮಾಡಿದವರಿಗೆ ಇದು ಗೊತ್ತಿರುತ್ತದೆ. ಪೇಜ್‌ಮೇಕರ್‌ಗೆ ಯೂನಿಕೋಡೇ ಬಾರದು. ಅಲ್ಲಿ ₹ ಬೇಕಾದರೆ ಚಿತ್ರವಾಗಿ ಅಂಟಿಸಬೇಕು, ಇಲ್ಲವೇ 'ರೂ.' ಅಂತ ಬರೆಯಬೇಕು. ನಾನಾದರೆ 'ರೂ.' ಬರೆಯುತ್ತೇನೆ. ಓದುಗರಿಗೆ ಯಾವ ತೊಂದರೆಯೂ ಇಲ್ಲ.

ಪ್ರಶ್ನೆ ಗುರುತು, ಮತ್ತೆ ಬಿಲ್ಲಿನ ಪ್ರಿಂಟರ್

ಎಲ್ಲಕ್ಕಿಂತ ಕೆಟ್ಟದ್ದು ಇದು. ಯಾವುದೋ ಸಾಫ್ಟ್‌ವೇರ್ ₹ಯನ್ನು ತನ್ನ ಹಳೆಯ ಪಟ್ಟಿಯಲ್ಲಿ ಹುಡುಕಿ, ಸಿಗದೆ, ಅದರ ಬದಲಿಗೆ ಪ್ರಶ್ನೆ ಗುರುತು ಬರೆದುಬಿಟ್ಟಿದೆ. ವಿಂಡೋಸ್-1252ರ ಪಟ್ಟಿಯಲ್ಲಿ ಯೂರೋಗೆ ಜಾಗ ಮಾಡಿಕೊಟ್ಟರು. ₹ ಹುಟ್ಟುವ ಹೊತ್ತಿಗೆ ಲೋಕವೇ ಯೂನಿಕೋಡ್‌ಗೆ ಹೊರಟಾಗಿತ್ತು, ಅದಕ್ಕಾಗಿ ಹಳೆಯ ಪಟ್ಟಿಯನ್ನು ಯಾರೂ ತಿದ್ದಲಿಲ್ಲ.

ಡೇಟಾಬೇಸ್ ಇದ್ದರೆ ಅಲ್ಲಿಂದ ಶುರು ಮಾಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆ ಕಾಲಂನ ಬಗೆ ವಾರ್‌ಚಾರ್, ಅಂದರೆ ಹಳೆಯ ಪಟ್ಟಿಯದು, ಇದ್ದರೆ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಮಾಡಬೇಕು. ಜೊತೆಗೆ ಅದಕ್ಕೆ ಬರೆಯುವಾಗ ಉದ್ಧರಣ ಚಿಹ್ನೆಯೊಳಗಿನ ಮಾತಿಗಿಂತ ಮೊದಲು ಇಂಗ್ಲಿಷಿನ ಎನ್ ಹಾಕಬೇಕು. ಮೊದಲನೆಯದು ಮಾಡಿ ಎರಡನೆಯದು ಮರೆತವರು ಬಹಳ ಜನ. ಮೈಎಸ್‌ಕ್ಯೂಎಲ್‌ನಲ್ಲಿ ಲ್ಯಾಟಿನ್-1 ಅನ್ನುವ ಹಳೆಯ ಪಟ್ಟಿ ಇದ್ದರೆ ಯುಟಿಎಫ್-8ಕ್ಕೆ ಬದಲಿಸಿ. ಆದರೆ ಬದಲಿಸಿದ ಮೇಲೆ ಹಾಕಿದ ₹ ಮಾತ್ರ ಉಳಿಯುತ್ತದೆ. ಮುಂಚೆ ಪ್ರಶ್ನೆ ಗುರುತಾದದ್ದನ್ನು ಕೈಯಿಂದಲೇ ಸರಿ ಮಾಡಬೇಕು.

ಹೋಟೆಲಿನಲ್ಲಿ ಡೇಟಾಬೇಸ್ ಸರಿಯಾಗಿತ್ತು. ಪರದೆಯ ಮೇಲೆ ₹ ಕಾಣುತ್ತಿತ್ತು, ಕಾಗದದ ಮೇಲೆ ಪ್ರಶ್ನೆ ಗುರುತು. ಉಳಿದದ್ದು ಪ್ರಿಂಟರ್. 80 ಮಿಲಿಮೀಟರ್ ಕಾಗದದ ಥರ್ಮಲ್ ಪ್ರಿಂಟರ್ ಅದು, ಯಾವ ಉಡುಪಿ ಹೋಟೆಲಿಗೆ ಹೋದರೂ ಕೌಂಟರಿನಲ್ಲಿ ಕಾಣುವಂಥದ್ದು. ವೇಗವಾಗಿ ಬಿಲ್ ಬರಲಿ ಅಂತ ಬಿಲ್ಲಿಂಗ್ ಸಾಫ್ಟ್‌ವೇರ್ ಅದಕ್ಕೆ ಚಿತ್ರ ಕಳಿಸುವುದಿಲ್ಲ, ಅಕ್ಷರಗಳ ನಂಬರ್ ಮಾತ್ರ ಕಳಿಸುತ್ತದೆ. ಅಕ್ಷರದ ಚಿತ್ರ ಪ್ರಿಂಟರಿನ ಹೊಟ್ಟೆಯಲ್ಲೇ ಇರಬೇಕು. ಇವರ ಪ್ರಿಂಟರಿನ ಹೊಟ್ಟೆಯಲ್ಲಿ ₹ ಇರಲಿಲ್ಲ. ಕಂಪ್ಯೂಟರಿಗೆ ನೂರು ಫಾಂಟ್ ಹಾಕಿದರೂ ಇಲ್ಲಿ ಏನೂ ಪ್ರಯೋಜನವಿಲ್ಲ.

ದಾರಿ ಮೂರಿವೆ. ವಿಂಡೋಸ್ ಡ್ರೈವರ್ ಮೂಲಕ ಚಿತ್ರವಾಗಿ ಪ್ರಿಂಟ್ ಮಾಡಿಸಬಹುದು. ಅದರಲ್ಲಿ ಕನ್ನಡವೂ ಬರುತ್ತದೆ, ಆದರೆ ನಿಧಾನ. ಮಧ್ಯಾಹ್ನ ಊಟದ ಹೊತ್ತಿನ ರಶ್ಶಿನಲ್ಲಿ ಶೆಟ್ರು ಅದನ್ನು ಒಪ್ಪಲಿಲ್ಲ. ಇಲ್ಲವೇ ಬಿಲ್ಲಿನಲ್ಲಿ ಇಂಗ್ಲಿಷಿನ ಆರ್ ಎಸ್ ಹಾಕಿ ಬಿಡಬಹುದು. ಮೂರನೆಯದು ಪ್ರಿಂಟರಿಗೆ ಹೊಸ ಅಕ್ಷರ ಕಲಿಸುವುದು. ಇಎಸ್‌ಸಿ ಪಿಓಎಸ್ ಅನ್ನುವ ಆಜ್ಞೆಗಳನ್ನು ತಿಳಿಯುವ ಬಹಳಷ್ಟು ಪ್ರಿಂಟರುಗಳು ಇದನ್ನು ಒಪ್ಪುತ್ತವೆ. ಬಿಲ್ಲಿನಲ್ಲಿ ಯಾವತ್ತೂ ಬಳಸದ ಒಂದು ಗುರುತನ್ನು ಆರಿಸಿ, ಅದರ ಮನೆಯಲ್ಲಿ ₹ ಬಿಡಿಸಿ ಕೂರಿಸಬೇಕು. ನಾವು ಆರಿಸಿದ್ದು ಅಲೆಯಂಥ ಗೆರೆ.

ಜಾಗ ಎಷ್ಟು ಸಿಗುತ್ತದೆ ಗೊತ್ತಾ? ಅಡ್ಡಕ್ಕೆ 12 ಚುಕ್ಕಿ, ಉದ್ದಕ್ಕೆ 24 ಚುಕ್ಕಿ. ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಿಂದ ಬಿಡಿಸಿಕೊಂಡೆ. ಮೊದಲ ಸಲ ಮೇಲಿನ ಎರಡು ಅಡ್ಡಗೆರೆಗಳ ನಡುವೆ ಒಂದೇ ಚುಕ್ಕಿ ಬಿಟ್ಟಿದ್ದೆ. ಶಾಖಕ್ಕೆ ಎರಡೂ ಕೂಡಿಕೊಂಡು ಒಂದೇ ದಪ್ಪ ಗೆರೆಯಾಯಿತು. ಆ ಜೋಡಿ ಗೆರೆ ಹೋದರೆ ₹ ಉಳಿಯುವುದಿಲ್ಲ, ಅದು ಬರೀ ದೇವನಾಗರಿಯ 'ರ' ಥರ ಕಾಣುತ್ತದೆ. ಮೂರು ಚುಕ್ಕಿ ಬಿಟ್ಟ ಮೇಲೆ ಗೆರೆಗಳು ಬಿಡಿಯಾದವು. ಕೆಳಗಿನ ಓರೆ ಕಾಲು ಕೊನೆಯ ಸಾಲಿನವರೆಗೆ ಬರಬೇಕು. ಗಿಡ್ಡವಾದರೆ ಏಳರಂತೆ ಕಾಣುತ್ತದೆ, ಬಿಲ್ಲಿನಲ್ಲಿ ಅದು ಅಪಾಯ.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಬೆಳಗ್ಗೆ ಮತ್ತೆ ಫೋನ್. "ನಿನ್ನ ರೂಪಾಯಿ ಹೋಗಿ ಹಾವು ಬಂದಿದೆ ಮಾರಾಯ." ಅಲೆಯ ಗೆರೆ ವಾಪಸ್ ಬಂದಿತ್ತು. ರಾತ್ರಿ ಯಾರೋ ಮೇನ್ ಸ್ವಿಚ್ ಆರಿಸಿದ್ದರು. ಹೀಗೆ ಕಲಿಸಿದ ಅಕ್ಷರವನ್ನು ಪ್ರಿಂಟರ್ ಕರೆಂಟ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಪ್ರಿಂಟರನ್ನು ಮೊದಲ ಸ್ಥಿತಿಗೆ ತರುವ ಆಜ್ಞೆ ಹೋದರೂ ಮರೆಯುತ್ತದೆ. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಆ ಆಜ್ಞೆಯನ್ನು ಪ್ರತಿ ಬಿಲ್ಲಿನ ಶುರುವಿಗೆ ಕಳಿಸುತ್ತವೆ. ಆದ್ದರಿಂದ ಅಕ್ಷರ ಕಲಿಸುವ ಆಜ್ಞೆ ಪ್ರತಿ ಬಿಲ್ಲಿನಲ್ಲೂ ಅದರ ಬೆನ್ನಿಗೇ ಹೋಗಬೇಕು. ಹಾಗೆ ಮಾಡಿದ ಮೇಲೆ ಹಾವು ಬಂದಿಲ್ಲ.

ಟ್ಯಾಬ್ ಮೇಲಿನ ಓರೆ ಚುಕ್ಕಿ

ಪರೀಕ್ಷೆಯಲ್ಲಿ 0060 ಬಂದವರಿಗೆ ಈ ಮಾತು. 2010ರಲ್ಲಿ ಗುರುತು ಘೋಷಣೆಯಾದ ಕೂಡಲೇ ಮಂಗಳೂರಿನ ಫೊರೇಡಿಯನ್ ಕಂಪನಿ ಒಂದು ಫಾಂಟ್ ಮಾಡಿ ಪುಕ್ಕಟೆ ಹಂಚಿತು. ಆಗಿನ್ನೂ ಯೂನಿಕೋಡ್ ನಂಬರ್ ಜಾರಿಗೆ ಬಂದಿರಲಿಲ್ಲ. ಅದಕ್ಕೆ ಅವರು ಟ್ಯಾಬ್ ಮೇಲಿನ ಕೀಲಿಯ ಓರೆ ಚುಕ್ಕಿಯ ಮನೆಯಲ್ಲಿ ₹ ಚಿತ್ರ ಇಟ್ಟರು. ನಂಬರ್ ಇಲ್ಲದ ಕಾಲಕ್ಕೆ ಅದು ದೊಡ್ಡ ಉಪಕಾರ. ಆ ಫಾಂಟ್ ಇದ್ದ ಯಂತ್ರದಲ್ಲಿ ₹, ಇಲ್ಲದ ಯಂತ್ರದಲ್ಲಿ ಓರೆ ಚುಕ್ಕಿ. ಆಗಿನ ಕೊಟೇಶನ್, ರಸೀದಿಗಳನ್ನು ಈಗಲೂ ನಕಲು ಮಾಡಿ ಬಳಸುವ ಆಫೀಸುಗಳಿವೆ. ವರ್ಡ್‌ನಲ್ಲಿ ಹುಡುಕುವಾಗ ಫಾಂಟಿನ ಹೆಸರನ್ನೂ ಕೊಟ್ಟು, ಆ ಫಾಂಟಿನಲ್ಲಿರುವ ಓರೆ ಚುಕ್ಕಿಯನ್ನು ಮಾತ್ರ ನಿಜವಾದ ₹ಗೆ ಬದಲಿಸಿ. ಬದಲಿಸಿದ್ದಕ್ಕೆ ಮಾಮೂಲಿ ಫಾಂಟ್ ಕೊಡಲು ಮರೆಯಬೇಡಿ.

ಎಸ್ಸೆಮ್ಮೆಸ್ ಖರ್ಚು ಏರಿದರೆ

ಇಲ್ಲಿ ಗುರುತು ಸರಿಯಾಗಿಯೇ ಹೋಗುತ್ತದೆ, ಹಣ ಮಾತ್ರ ಜಾಸ್ತಿ ಹೋಗುತ್ತದೆ. ನಮ್ಮ ಸಂಘದ ರಾಜ್ಯೋತ್ಸವದ ಆಮಂತ್ರಣ ಇಂಗ್ಲಿಷ್ ಲಿಪಿಯಲ್ಲಿ ಸರಿಯಾಗಿ 160 ಅಕ್ಷರವಿತ್ತು, ಅಂದರೆ ಒಂದು ಮೆಸೇಜ್. ಊಟದ ಕೂಪನ್ನಿನ ಬೆಲೆಗೆ ಯಾರೋ ಆರ್ ಎಸ್ ತೆಗೆದು ₹ ಹಾಕಿದರು. ಮೊಬೈಲ್ ಮೆಸೇಜಿನ ಮೂಲ ಅಕ್ಷರಪಟ್ಟಿಯಲ್ಲಿ ₹ ಇಲ್ಲ. ಒಂದೇ ಒಂದು ₹ ಬಂದರೂ ಇಡೀ ಮೆಸೇಜ್ ಯೂನಿಕೋಡ್‌ಗೆ ಬದಲಾಗುತ್ತದೆ, ಮಿತಿ 160ರಿಂದ 70ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ಒಂದೊಂದು ತುಂಡಿಗೆ 67 ಮಾತ್ರ. ಹಾಗಾಗಿ ಒಂದು ಮೆಸೇಜ್ ಮೂರಾಯಿತು. ಇಂಗ್ಲಿಷ್ ಲಿಪಿಯ ಮೆಸೇಜಿನಲ್ಲಿ ಆರ್ ಎಸ್ ಇರಲಿ ಬಿಡಿ. ಕನ್ನಡ ಲಿಪಿಯಲ್ಲೇ ಕಳಿಸುವುದಾದರೆ ಹೇಗೂ 70ರ ಲೆಕ್ಕ. ಅಲ್ಲಿ ₹ ಹಾಕಲು ಅಡ್ಡಿಯಿಲ್ಲ, 'ರೂ.' ಬದಲಿಗೆ ಅದನ್ನು ಹಾಕಿದರೆ ಎರಡು ಅಕ್ಷರ ಉಳಿಯುತ್ತದೆ.